ಕಾಫಿ ಮಲೆನಾಡಿನ ಹಳೆಯ ವಾಣಿಜ್ಯ ಕಟ್ಟಡಗಳು ಮತ್ತು ಇಂಧನ ದಕ್ಷತೆಯ ನಿಯಮಗಳು

ಕಟ್ಟಡಗಳಲ್ಲಿ ಇಂಧನದ ಉಳಿತಾಯ ಎಂದೊಡನೆ ನಮ್ಮ ಗಮನ ಸಾಮಾನ್ಯವಾಗಿ ಹೊಸದಾಗಿ ಏಳುತ್ತಿರುವ ಕಟ್ಟಡಗಳ ಕಡೆಗೆ ಹರಿಯುತ್ತದೆ. ನಕ್ಷೆಯ ಹಂತದಲ್ಲಿಯೇ ಗೋಡೆ, ಮಾಡು, ಕಿಟಕಿ, ದೀಪಗಳ ಬಗ್ಗೆ ಷರತ್ತು ವಿಧಿಸುವುದು ಸುಲಭ. ಆದರೆ ಒಮ್ಮೆ ಕಟ್ಟಿದ ಕಟ್ಟಡ ಐವತ್ತು ಅರವತ್ತು ವರ್ಷ ಬಾಳುತ್ತದೆ. ಇಂದು ನಾವು ವಿದ್ಯುತ್ತನ್ನೂ ಸೌದೆಯನ್ನೂ ವ್ಯಯಿಸುತ್ತಿರುವುದು ಬಹುಪಾಲು ಈಗಾಗಲೇ ನಿಂತಿರುವ ಕಟ್ಟಡಗಳಲ್ಲಿ. ಆದ್ದರಿಂದ ಹಳೆಯ ಕಟ್ಟಡಗಳನ್ನು ನಿಯಮದ ವ್ಯಾಪ್ತಿಗೆ ತರುವುದು ಹೇಗೆ ಎಂಬ ಪ್ರಶ್ನೆ ಅನೇಕ ದೇಶಗಳನ್ನು ಕಾಡಿದೆ. ಈ ಪ್ರಶ್ನೆಯನ್ನು ಮಹಾನಗರಗಳಿಂದ ದೂರವಿರುವ ಒಂದು ಪ್ರದೇಶದಲ್ಲಿ, ಎಂದರೆ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯಲ್ಲಿ ನಿಂತು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂತಹ ಪರಿಶೀಲನೆಗೆ ಈ ಪ್ರದೇಶವೇ ಏಕೆ ಎಂಬುದಕ್ಕೆ ಕಾರಣವಿದೆ. ಈಗಿರುವ ನಿಯಮಗಳು ಎರಡು ಅಳತೆಗಳ ಮೇಲೆ ನಿಂತಿವೆ. ಒಂದು, ಕಟ್ಟಡದ ವಿದ್ಯುತ್ ಹೊರೆಯ ಗಾತ್ರ. ಮತ್ತೊಂದು, ನೆಲದ ವಿಸ್ತೀರ್ಣಕ್ಕೆ ತಗಲುವ ವಿದ್ಯುತ್ತಿನ ಪ್ರಮಾಣ. ಇವೆರಡೂ ಹವಾನಿಯಂತ್ರಿತ ಬೃಹತ್ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಕಾಫಿ ಸೀಮೆಯಲ್ಲಾದರೋ ಇಂಧನ ವ್ಯಯವಾಗುವುದು ತಂಪು ಮಾಡಲು ಅಲ್ಲ. ನೀರು ಕಾಯಿಸಲು, ತೇವ ಆರಿಸಲು, ಮಳೆಗಾಲದ ಮಬ್ಬಿನಲ್ಲಿ ಹಗಲೂ ದೀಪ ಉರಿಸಲು. ಹೀಗಾಗಿ ಇಲ್ಲಿಯ ಕಟ್ಟಡಗಳು ಕಾನೂನಿನ ಬಲೆಯಿಂದ ನುಸುಳಿಹೋಗುತ್ತವೆ. ಪೋಲು ಮಾತ್ರ ಹಾಗೆಯೇ ಉಳಿಯುತ್ತದೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಈ ವಿಷಯದ ಮೂಲ ಶಾಸನ 2001ರ ಇಂಧನ ಸಂರಕ್ಷಣಾ ಅಧಿನಿಯಮ. ಇದು 2002ರ ಮಾರ್ಚ್ 1ರಿಂದ ಜಾರಿಗೆ ಬಂದಿತು; ಅಂದೇ ಕೇಂದ್ರದಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಗೊಂಡಿತು. ರಾಜ್ಯಮಟ್ಟದಲ್ಲಿ ಈ ಕಾಯಿದೆಯ ಕೆಲಸ ನೋಡಿಕೊಳ್ಳುವ ನಿಯೋಜಿತ ಸಂಸ್ಥೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ, ಅಂದರೆ ಜನರ ಬಾಯಲ್ಲಿರುವ ಕ್ರೆಡಲ್. ಕಾಯಿದೆಯ 14ನೆಯ ಕಲಮು ಕೇಂದ್ರಕ್ಕೆ ಕಟ್ಟಡ ಸಂಹಿತೆಯನ್ನು ರೂಪಿಸುವ ಅಧಿಕಾರ ಕೊಟ್ಟರೆ, 15ನೆಯ ಕಲಮು ಆ ಸಂಹಿತೆಯನ್ನು ತನ್ನ ಪ್ರಾದೇಶಿಕ ಹವಾಮಾನಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ಈ ಎರಡನೆಯ ಅಧಿಕಾರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದಿನ ಚರ್ಚೆಗೆಲ್ಲ ಅದೇ ಆಧಾರ.

2007ರ ಮೇ ತಿಂಗಳಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಹೊರಬಂದಿತು. 2010ರ ತಿದ್ದುಪಡಿಯ ನಂತರ 100 ಕಿಲೋವ್ಯಾಟ್ ಸಂಪರ್ಕ ಹೊರೆ ಅಥವಾ 120 ಕೆ.ವಿ.ಎ. ಕರಾರು ಬೇಡಿಕೆ ಇರುವ ವಾಣಿಜ್ಯ ಕಟ್ಟಡಗಳು ಇದರ ವ್ಯಾಪ್ತಿಗೆ ಬಂದವು. 2017ರಲ್ಲಿ ಸಂಹಿತೆಯನ್ನು ಪರಿಷ್ಕರಿಸಲಾಯಿತು. ಸಂಹಿತೆಯು ಮುಖ್ಯವಾಗಿ ಹೊಸ ಕಟ್ಟಡಗಳಿಗೆ ಸಂಬಂಧಿಸಿದ್ದು. ಹಳೆಯ ಕಟ್ಟಡವು ಅದರ ಹಿಡಿತಕ್ಕೆ ಸಿಗುವುದು ದೊಡ್ಡ ಪ್ರಮಾಣದ ವಿಸ್ತರಣೆ ಅಥವಾ ಮಾರ್ಪಾಡು ನಡೆದಾಗ ಮಾತ್ರ. 2022ರ ತಿದ್ದುಪಡಿ ಕಾಯಿದೆ 2023ರ ಜನವರಿ 1ರಿಂದ ಜಾರಿಗೆ ಬಂದು, ಸಂಹಿತೆಯ ವ್ಯಾಪ್ತಿಯನ್ನು ವಸತಿ ಕಟ್ಟಡಗಳಿಗೂ ಹಿಗ್ಗಿಸಿತು. ಹೊರೆಯ ಮಿತಿಯನ್ನು 100 ಕಿಲೋವ್ಯಾಟಿಗಿಂತ ಕೆಳಗೆ ಇಳಿಸುವ ಅಧಿಕಾರವನ್ನು ರಾಜ್ಯಗಳಿಗೆ ನೀಡಿದ್ದು ಈ ತಿದ್ದುಪಡಿಯ ಮತ್ತೊಂದು ಮಹತ್ವದ ಅಂಶ.

ಹಾಗಾದರೆ ನಿಂತಿರುವ ಕಟ್ಟಡಗಳಿಗೆ ಏನಿದೆ? ಎರಡು ಏರ್ಪಾಡುಗಳನ್ನು ಹೆಸರಿಸಬಹುದು. ಮೊದಲನೆಯದು, 2009ರಲ್ಲಿ ಬ್ಯೂರೋ ಆರಂಭಿಸಿದ ತಾರಾ ಶ್ರೇಣಿ. ಫ್ರಿಜ್ಜಿನ ಮೇಲಿನ ನಕ್ಷತ್ರಗಳಂತೆಯೇ ಕಟ್ಟಡಕ್ಕೂ ಒಂದರಿಂದ ಐದು ತಾರೆಗಳನ್ನು ನೀಡುವ ಪದ್ಧತಿ ಇದು. ಇದು ಐಚ್ಛಿಕ, 100 ಕಿಲೋವ್ಯಾಟಿಗಿಂತ ಹೆಚ್ಚು ಹೊರೆಯ ಕಟ್ಟಡಗಳಿಗಾಗಿ ರೂಪಿಸಿದ್ದು. ಎರಡನೆಯದು, ಹೆಚ್ಚು ಇಂಧನ ಬಳಸುವವರಿಗೆ ಉಳಿತಾಯದ ಗುರಿ ಗೊತ್ತುಪಡಿಸಿ, ಗುರಿ ಮೀರಿ ಉಳಿಸಿದವರು ಅದನ್ನು ಪ್ರಮಾಣಪತ್ರದ ರೂಪದಲ್ಲಿ ಮಾರಲು ಅವಕಾಶ ಕೊಟ್ಟ, 2012ರಲ್ಲಿ ಕಾರ್ಖಾನೆಗಳಿಂದ ಆರಂಭವಾದ ಯೋಜನೆ. ಇದಕ್ಕೆ 2018ರಲ್ಲಿ ದೊಡ್ಡ ಹೋಟೆಲುಗಳನ್ನು ಸೇರಿಸಲಾಯಿತು. ಇವೆರಡೂ ಕಾಫಿ ಸೀಮೆಯ ಬಹುತೇಕ ಕಟ್ಟಡಗಳ ಹೊಸ್ತಿಲು ತುಳಿಯುವುದಿಲ್ಲ.

ಇಲ್ಲಿ ನಿಂತಿರುವ ಕಟ್ಟಡಗಳ ಸ್ವರೂಪ

ಚಿಕ್ಕಮಗಳೂರು ನಗರ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮೂಡಿಗೆರೆ ಅದಕ್ಕಿಂತ ತುಸು ತಗ್ಗಿನಲ್ಲಿದ್ದರೂ ಘಟ್ಟದ ಅಂಚಿಗೆ ಹತ್ತಿರ. ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಳಸ ಭದ್ರಾ ನದಿಯ ಕಣಿವೆಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಮೋಡ. ಡಿಸೆಂಬರ್ ಜನವರಿಯ ಮುಂಜಾನೆ ಚಳಿ. ಬೇಸಿಗೆಯಲ್ಲಿಯೂ ಫ್ಯಾನು ಸಾಕು ಎನ್ನುವಂತಹ ಹವೆ.

ಇಲ್ಲಿಯ ವಾಣಿಜ್ಯ ಕಟ್ಟಡಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯ ಬಗೆ ಪೇಟೆಯ ಅಂಗಡಿ, ಹೋಟೆಲು, ಲಾಡ್ಜು, ಬ್ಯಾಂಕು ಮತ್ತು ಕಚೇರಿಗಳು. ಎರಡನೆಯದು ಯಾತ್ರಾಸ್ಥಳಗಳ ವಸತಿಗೃಹಗಳು; ಕಳಸದ ಕಳಸೇಶ್ವರ ಮತ್ತು ಹೊರನಾಡಿನ ಅನ್ನಪೂರ್ಣೇಶ್ವರಿ ಕ್ಷೇತ್ರಗಳಿಗೆ ಬರುವ ಭಕ್ತರಿಗಾಗಿ ಇಂತಹ ಕೊಠಡಿಗಳು ಬೆಳೆದಿವೆ. ಮೂರನೆಯದು ತೋಟದ ಬಂಗಲೆ, ಹಳೆಯ ತೊಟ್ಟಿಮನೆ ಮತ್ತು ಲೈನ್ ಮನೆಗಳು ಮಾರ್ಪಟ್ಟು ಆದ ಹೋಂಸ್ಟೇ ಹಾಗೂ ರೆಸಾರ್ಟುಗಳು. 2000ದ ಆಸುಪಾಸಿನಲ್ಲಿ ಕಾಫಿ ದರ ಕುಸಿದು ಬೆಳೆಗಾರರು ಕಂಗೆಟ್ಟಾಗ, ಅತಿಥಿಗಳಿಗೆ ಮನೆಯ ಬಾಗಿಲು ತೆರೆಯುವುದು ಉಪಕಸುಬಾಗಿ ಒದಗಿತು. ವಾಸದ ಮನೆಯೆಂದು ಕಟ್ಟಿದ್ದು ವಾಣಿಜ್ಯ ಕಟ್ಟಡವಾದದ್ದು ಹೀಗೆ. ಈ ‘ಉಪಯೋಗದ ಬದಲಾವಣೆ’ ಕಾಫಿ ಸೀಮೆಯ ವೈಶಿಷ್ಟ್ಯ.

ಹಳೆಯ ಕಟ್ಟಡಗಳೆಲ್ಲ ದೋಷಯುಕ್ತವೆಂದು ತಿಳಿಯಬಾರದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿ ಬಂದು ಬಂಗಲೆಗಳ ಮಾಡನ್ನು ಹೊದೆಯಿತು. ಇಳಿಜಾರು ಮಾಡು, ಅಗಲವಾದ ಜಗಲಿ, ಎತ್ತರದ ಅಟ್ಟ, ಅಲ್ಲಲ್ಲಿ ಬೆಳಕಿಗೆಂದು ಕೂರಿಸಿದ ಗಾಜಿನ ಹೆಂಚು ಇವೆಲ್ಲ ಈ ಹವೆಗೆ ತಕ್ಕ ಪರಿಹಾರಗಳು. ಹಗಲಿನಲ್ಲಿ ದೀಪದ ಹಂಗಿಲ್ಲದೆ ಕೋಣೆ ಬೆಳಗುತ್ತದೆ. ಗಾಳಿಯಾಡಿ ತೇವ ತಂಗುವುದಿಲ್ಲ. ಹೆಚ್ಚು ಇಂಧನ ಬೇಡುವುದು ಒಂದಕ್ಕೊಂದು ಅಂಟಿಕೊಂಡು, ಕಿಟಕಿ ಕಿರಿದಾಗಿ, ಸಪಾಟು ಕಾಂಕ್ರೀಟು ಮಾಡು ಹೊತ್ತ ಇತ್ತೀಚಿನ ದಶಕಗಳ ಕಟ್ಟಡಗಳೇ. ಆದ್ದರಿಂದ ‘ಹಳೆಯದು’ ಎಂಬ ಮಾತನ್ನು ‘ಅದಕ್ಷ’ ಎಂಬುದಕ್ಕೆ ಪರ್ಯಾಯವಾಗಿ ಬಳಸುವ ನಿಯಮ ಇಲ್ಲಿ ಅನ್ಯಾಯ ಮಾಡುತ್ತದೆ.

ಮಿತಿ ಮತ್ತು ಮಾನದಂಡ: ಎರಡು ಉದಾಹರಣೆಗಳು

100 ಕಿಲೋವ್ಯಾಟ್ ಎಂದರೆ ಎಷ್ಟು? ಐದು ಕೊಠಡಿಗಳ ಒಂದು ಹೋಂಸ್ಟೇಯನ್ನು ಕಲ್ಪಿಸಿಕೊಳ್ಳೋಣ. ತಲಾ 2 ಕಿಲೋವ್ಯಾಟಿನ ಐದು ಗೀಸರುಗಳಿಗೆ 10 ಕಿಲೋವ್ಯಾಟ್. ದೀಪ, ಫ್ಯಾನು, ನೀರೆತ್ತುವ ಪಂಪು, ಫ್ರಿಜ್ಜು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಸೇರಿ ಇನ್ನೊಂದು 5 ಕಿಲೋವ್ಯಾಟ್. ಒಟ್ಟು 15. ಇಂತಹ ಆರು ಹೋಂಸ್ಟೇಗಳನ್ನು ಒಟ್ಟುಗೂಡಿಸಿದರೂ ಕಾನೂನಿನ ಮಿತಿಯನ್ನು ಮುಟ್ಟುವುದಿಲ್ಲ. ಮೂವತ್ತು ಕೊಠಡಿಗಳ ಲಾಡ್ಜಿನ ಗೀಸರುಗಳ ಹೊರೆಯೂ 60 ಕಿಲೋವ್ಯಾಟಿನಲ್ಲಿ ನಿಲ್ಲುತ್ತದೆ. ಒಂದೊಂದೂ ಚಿಕ್ಕದು, ಒಟ್ಟು ಮಾತ್ರ ಚಿಕ್ಕದಲ್ಲ.

ಇನ್ನು ಮಾನದಂಡದ ಮಾತು. ತಾರಾ ಶ್ರೇಣಿಯು ಒಂದು ಚದರ ಮೀಟರ್ ನೆಲಕ್ಕೆ ವರ್ಷಕ್ಕೆ ತಗಲುವ ಯೂನಿಟ್‌ಗಳನ್ನು ಎಣಿಸುತ್ತದೆ. ಆರಂಭದ ಶ್ರೇಣಿಯಲ್ಲಿ ಸಂಮಿಶ್ರ ಹವಾಮಾನ ವಲಯದ, ಅರ್ಧಕ್ಕಿಂತ ಹೆಚ್ಚು ಭಾಗ ಹವಾನಿಯಂತ್ರಿತವಾದ ಕಚೇರಿಗೆ 190ರಿಂದ 165 ಯೂನಿಟ್ ತಗಲಿದರೆ ಒಂದು ತಾರೆ, 90ಕ್ಕಿಂತ ಕಡಿಮೆಯಾದರೆ ಐದು ತಾರೆ. ಅರ್ಧಕ್ಕಿಂತ ಕಡಿಮೆ ಭಾಗ ಹವಾನಿಯಂತ್ರಿತವಾಗಿದ್ದರೆ 40ಕ್ಕಿಂತ ಕಡಿಮೆ ಇದ್ದಾಗ ಐದು ತಾರೆ. ಈಗ ಇದೇ ಅಳತೆಯನ್ನು ಮೂಡಿಗೆರೆಯ ಒಂದು ಸಾಮಾನ್ಯ ಕಚೇರಿಗೆ ಹಿಡಿದು ನೋಡೋಣ. ವಿಸ್ತೀರ್ಣ 200 ಚದರ ಮೀಟರ್. ಚೋಕು ಸೇರಿ 55 ವ್ಯಾಟ್ ಎಳೆಯುವ ಹಳೆಯ ಟ್ಯೂಬ್‌ಲೈಟುಗಳು ಇಪ್ಪತ್ತು. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಉರಿದರೆ 2,200 ಯೂನಿಟ್. ಆರು ಗಣಕಯಂತ್ರಗಳಿಗೆ ಸುಮಾರು 1,200, ಫ್ಯಾನುಗಳಿಗೆ ಸುಮಾರು 700. ಒಟ್ಟು 4,100 ಯೂನಿಟ್; ಚದರ ಮೀಟರಿಗೆ ಸುಮಾರು 20. ಎಂದರೆ ಒಂದು ದೀಪವನ್ನೂ ಬದಲಾಯಿಸದೆ ಈ ಕಚೇರಿ ಐದು ತಾರೆಗಳ ಮಟ್ಟವನ್ನು ಅನಾಯಾಸವಾಗಿ ದಾಟುತ್ತದೆ. ಅದೇ ಟ್ಯೂಬುಗಳ ಬದಲು 20 ವ್ಯಾಟಿನ ಎಲ್.ಇ.ಡಿ. ಹಾಕಿದರೆ ವರ್ಷಕ್ಕೆ 1,400 ಯೂನಿಟ್, ಅಂದರೆ ಒಟ್ಟು ಬಳಕೆಯ ಮೂರನೆಯ ಒಂದು ಭಾಗ ಉಳಿಯುತ್ತದೆ ಎಂಬ ಸತ್ಯವನ್ನು ಆ ಅಂಕಿ ಹೇಳುವುದೇ ಇಲ್ಲ. ತಂಪಾದ ಊರಿನಲ್ಲಿ ಅಂಕಿ ಚಿಕ್ಕದಾಗಿರುವುದು ಹವೆಯ ಕೊಡುಗೆ. ಅದನ್ನು ಕಟ್ಟಡದ ದಕ್ಷತೆಯೆಂದು ಎಣಿಸಲಾಗದು.

ಬಿಸಿನೀರಿನ ಲೆಕ್ಕ

ಕಾಫಿ ಸೀಮೆಯ ವಸತಿ ಕಟ್ಟಡಗಳಲ್ಲಿ ಇಂಧನದ ಸಿಂಹಪಾಲು ಸ್ನಾನದ ನೀರಿನದು. ನೂರು ಲೀಟರ್ ನೀರಿನ ಉಷ್ಣತೆಯನ್ನು 30 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 3.5 ಯೂನಿಟ್ ಶಾಖ ಬೇಕು. ಇದು ಭೌತನಿಯಮ, ಒಲೆಯಾಗಲಿ ಗೀಸರಾಗಲಿ ಇದನ್ನು ತಪ್ಪಿಸಲಾರದು. ಹದಿನೈದು ಅತಿಥಿಗಳು ತಲಾ 40 ಲೀಟರ್ ಬಳಸಿದರೆ ದಿನಕ್ಕೆ 600 ಲೀಟರ್, 21 ಯೂನಿಟ್. ಗೀಸರಿನಲ್ಲಿ ಈ ಇಪ್ಪತ್ತೊಂದೂ ಮೀಟರಿನಲ್ಲಿ ದಾಖಲಾಗುತ್ತದೆ; ಸಂಗ್ರಹದಲ್ಲಿ ಆರಿಹೋಗುವ ಶಾಖ ಬೇರೆ.

ಅದೇ ನೀರನ್ನು ಬಚ್ಚಲಿನ ಹಂಡೆಯಲ್ಲಿ ಕಾಯಿಸಿದರೆ ಮೀಟರು ಸುಮ್ಮನಿರುತ್ತದೆ. ಆದರೆ ಒಣ ಸೌದೆಯ ಒಂದು ಕಿಲೋಗ್ರಾಂ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ. ತೆರೆದ ಒಲೆಯಲ್ಲಿ ಅದರ ಹತ್ತನೆಯ ಒಂದು ಭಾಗ ಮಾತ್ರ ನೀರಿಗೆ ಸೇರುತ್ತದೆಂದು ಹಿಡಿದರೆ ದಿನಕ್ಕೆ 50 ಕಿಲೋಗ್ರಾಮಿಗೂ ಹೆಚ್ಚು ಸೌದೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆಯ ತತ್ತ್ವವನ್ನು, ಎಂದರೆ ಮುಚ್ಚಿದ ಉರಿಗೂಡು, ಅಳತೆಯ ಗಾಳಿದಾರಿ ಮತ್ತು ಹೊಗೆಕೊಳವೆಯನ್ನು ಹಂಡೆಗೆ ಅಳವಡಿಸಿ ಮೂರನೆಯ ಒಂದು ಭಾಗದಷ್ಟು ಶಾಖ ಹಿಡಿದರೆ 16 ಕಿಲೋಗ್ರಾಂ ಸಾಕು. ಸೌದೆಯು ತೋಟದ ನೆರಳುಮರಗಳ ಕಸಿಯಿಂದ, ಸಿಲ್ವರ್ ಓಕಿನ ರೆಂಬೆಯಿಂದ, ಕಿತ್ತ ಕಾಫಿ ಗಿಡಗಳಿಂದ ಬಂದರೆ ಅದು ಮತ್ತೆ ಬೆಳೆಯುವ ಇಂಧನ. ತೋಟವಿಲ್ಲದ ಪೇಟೆಯ ಲಾಡ್ಜಿಗೆ ಅದು ಎಲ್ಲಿಂದ ಬರುತ್ತದೆ ಎಂಬುದೇ ಪ್ರಶ್ನೆ. ಒಂದು ಕಡೆ 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮತ್ತೊಂದು ಕಡೆ 1998ರಿಂದ ಹುಲಿ ಯೋಜನೆಗೆ ಸೇರಿದ ಭದ್ರಾ ಅಭಯಾರಣ್ಯ ಇರುವ ಜಿಲ್ಲೆಯಲ್ಲಿ, ವಿದ್ಯುತ್ ಮೀಟರನ್ನಷ್ಟೇ ನೋಡುವ ನಿಯಮವು ಭಾರವನ್ನು ತಂತಿಯಿಂದ ಕಾಡಿಗೆ ವರ್ಗಾಯಿಸಿ ಉಳಿತಾಯವಾಯಿತೆಂದು ಬರೆದುಕೊಳ್ಳುವ ಅಪಾಯವಿದೆ.

ಸೌರ ಜಲತಾಪಕದ ಕಡೆಗೆ ಬರೋಣ. 2007ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶ ಹೋಟೆಲು, ಆಸ್ಪತ್ರೆ, ವಿದ್ಯಾರ್ಥಿನಿಲಯ, ಅತಿಥಿಗೃಹ ಮುಂತಾದ ಕಟ್ಟಡಗಳಲ್ಲಿ ಇದನ್ನು ಕಡ್ಡಾಯಗೊಳಿಸಿತು. ರಾಜ್ಯದ ಬಯಲುಸೀಮೆಗೆ ಇದು ಹಿತವಾದ ಆದೇಶ. ಕಾಫಿ ಸೀಮೆಯಲ್ಲಿಯೂ ವರ್ಷದ ಸುಮಾರು ಎಂಟು ತಿಂಗಳು ಇದು ಕೆಲಸಕ್ಕೆ ಬರುತ್ತದೆ. ಆದರೆ ಮಳೆ ನೋಡಲೆಂದೇ ಅತಿಥಿಗಳು ಬರುವ ಜುಲೈ ಆಗಸ್ಟ್‌ನಲ್ಲಿ, ಬಿಸಿನೀರು ಅತ್ಯಂತ ಬೇಕಾದಾಗ, ಸೂರ್ಯನೇ ಮರೆಯಾಗಿರುತ್ತಾನೆ. ಒಂದು ಉಪಕರಣವನ್ನು ಹೆಸರಿಸಿ ಕಡ್ಡಾಯ ಮಾಡಿದ ನಿಯಮ ಆ ಉಪಕರಣ ದುಡಿಯದ ತಿಂಗಳುಗಳಲ್ಲಿ ಮೌನವಾಗುತ್ತದೆ. ಈ ಕೊರತೆಯನ್ನು ತುಂಬಬಲ್ಲ ಸಾಧನ ಹೀಟ್ ಪಂಪ್. ಫ್ರಿಜ್ಜು ಒಳಗಿನ ಶಾಖವನ್ನು ಹೊರಗೆ ತಳ್ಳುವಂತೆ ಇದು ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸೇರಿಸುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ದೊರೆಯುವುದರಿಂದ ನೂರು ಲೀಟರಿಗೆ ಸುಮಾರು 1.2 ಯೂನಿಟ್ ಸಾಕು.

ಇಲ್ಲೊಂದು ಹೊಂದಿಕೆ ಕಾಣುತ್ತದೆ. ಎಂಟು ತಿಂಗಳು ಸೌರ ಜಲತಾಪಕ, ಉಳಿದ ನಾಲ್ಕು ತಿಂಗಳು ಗೀಸರ್ ಬಳಸಿದರೂ ವರ್ಷದ ಸರಾಸರಿ ನೂರು ಲೀಟರಿಗೆ ಸುಮಾರು 1.2 ಯೂನಿಟ್ ಆಗುತ್ತದೆ. ವರ್ಷಪೂರ್ತಿ ಹೀಟ್ ಪಂಪ್ ಬಳಸಿದರೂ ಅಷ್ಟೇ. ಸುಧಾರಿತ ಹಂಡೆಒಲೆಯಲ್ಲಿ ತೋಟದ ಸೌದೆ ಉರಿಸುವವರಿಗೆ ಅದೂ ಬೇಡ. ಆದ್ದರಿಂದ ‘ಸೌರ ಜಲತಾಪಕ ಕಡ್ಡಾಯ’ ಎನ್ನುವ ಬದಲು ‘ವಾರ್ಷಿಕ ಸರಾಸರಿಯಲ್ಲಿ ನೂರು ಲೀಟರ್ ಬಿಸಿನೀರಿಗೆ 1.5 ಯೂನಿಟ್ ವಿದ್ಯುತ್ತನ್ನು ಮೀರಕೂಡದು. ಸೌದೆಯಾದರೆ ತೆರೆದ ಒಲೆ ಕೂಡದು’ ಎಂದು ಫಲವನ್ನು ನಿಗದಿಪಡಿಸಿದರೆ, ಮಾರ್ಗವನ್ನು ಕಟ್ಟಡದ ಮಾಲೀಕರೇ ತಮ್ಮ ಸ್ಥಳ ಮತ್ತು ಶಕ್ತಿಗೆ ತಕ್ಕಂತೆ ಆರಿಸಿಕೊಳ್ಳಬಹುದು.

ತೇವದ ವಿಷಯವೂ ಇದೇ ಬಗೆಯದು. ಒಂದು ಲೀಟರ್ ನೀರನ್ನು ಆವಿಯಾಗಿಸಲು ಕನಿಷ್ಠ 0.63 ಯೂನಿಟ್ ಶಾಖ ಬೇಕು. ಮಳೆಗಾಲದಲ್ಲಿ ಹಾಸಿಗೆಯ ವಸ್ತ್ರಗಳನ್ನು ವಿದ್ಯುತ್ ಯಂತ್ರದಲ್ಲಿ ಒಣಗಿಸುವ ಮುನ್ನ ಚೆನ್ನಾಗಿ ಹಿಂಡಿಸಿ, ಕಾಫಿ ಒಣಗಿಸಲು ಬಳಸುವಂತಹ ಪಾರದರ್ಶಕ ಹಾಳೆಯ ಗಾಳಿಯಾಡುವ ಚಪ್ಪರದಲ್ಲಿ ಹರವುವುದು ಬೆಳೆಗಾರರಿಗೆ ಪರಿಚಿತವಾದ ಉಪಾಯವೇ ಆಗಿದೆ. ಮರ ಬಿದ್ದು ತಂತಿ ತುಂಡಾದ ದಿನಗಳಲ್ಲಿ ಓಡುವ ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 3 ಯೂನಿಟ್ ಮಾತ್ರ ಕೊಡುತ್ತದೆ ಎಂಬುದನ್ನು ನೆನೆದರೆ, ಮಳೆಗಾಲದಲ್ಲಿ ಉಳಿಸಿದ ಯೂನಿಟ್ಟಿನ ಬೆಲೆ ಉಳಿದ ಕಾಲಕ್ಕಿಂತ ಹೆಚ್ಚೆಂಬುದು ತಿಳಿಯುತ್ತದೆ.

ಹೊರಗಿನ ಅನುಭವ

ನಿಂತಿರುವ ಕಟ್ಟಡಗಳನ್ನು ನಿಯಮಕ್ಕೆ ಒಳಪಡಿಸಿದ ದೇಶಗಳ ಅನುಭವದಿಂದ ಮೂರು ಪಾಠ ಕಲಿಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಟ್ಟಡಗಳನ್ನು ‘ಎ’ಯಿಂದ ‘ಜಿ’ವರೆಗೆ ಶ್ರೇಣೀಕರಿಸಿ, ‘ಇ’ ಶ್ರೇಣಿಗಿಂತ ಕೆಳಗಿನ ವಾಣಿಜ್ಯ ಕಟ್ಟಡವನ್ನು ವಿನಾಯಿತಿ ಪಡೆಯದೆ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲವೆಂದು 2018ರ ಏಪ್ರಿಲ್‌ನಿಂದ ನಿರ್ಬಂಧಿಸಲಾಯಿತು; 2023ರ ಏಪ್ರಿಲ್‌ನಿಂದ ಚಾಲ್ತಿಯ ಬಾಡಿಗೆಗಳಿಗೂ ಇದು ಅನ್ವಯಿಸಿತು. ಕಟ್ಟಡದ ಮೇಲೆ ಸದಾ ಕಾವಲಿಡುವ ಬದಲು ಕರಾರಿನ ಗಳಿಗೆಯನ್ನು ಹಿಡಿದದ್ದು ಇದರ ಜಾಣ್ಮೆ. ಆಸ್ಟ್ರೇಲಿಯಾ 2010ರ ಕಾನೂನಿನಿಂದ ದೊಡ್ಡ ಕಚೇರಿಗಳನ್ನು ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಅವುಗಳ ಇಂಧನ ಬಳಕೆಯ ಶ್ರೇಣಿಯನ್ನು ಬಹಿರಂಗಪಡಿಸುವಂತೆ ಮಾಡಿತು. ಇಲ್ಲಿ ದಂಡಕ್ಕಿಂತ ಮುಂಚೆ ಮಾಹಿತಿ ಬಂದಿತು. ನ್ಯೂಯಾರ್ಕ್ ನಗರ 2019ರಲ್ಲಿ 25,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳಿಗೆ ಇಂಗಾಲ ಹೊರಸೂಸುವಿಕೆಯ ಮಿತಿ ಹಾಕಿ, 2024ರಿಂದ ಜಾರಿಗೆ ತಂದಿತು. ಸಿದ್ಧತೆಗೆ ಐದು ವರ್ಷಗಳ ಅವಕಾಶ ಸಿಕ್ಕಿತು. ಹಾಗೆಯೇ ಅಲ್ಲಿ ಎಣಿಸಿದ್ದು ವಿದ್ಯುತ್ತನ್ನಷ್ಟೇ ಅಲ್ಲ, ಕಟ್ಟಡದಲ್ಲಿ ಉರಿಯುವ ಇತರ ಇಂಧನಗಳನ್ನೂ ಕೂಡ.

ಕಾಫಿ ಸೀಮೆಗೆ ಒಪ್ಪುವ ನಿಯಮ

ಮೇಲ್ಕಂಡ ಚರ್ಚೆಯ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡಬಹುದು. ಮೊದಲನೆಯದಾಗಿ, ಅಳತೆಯ ಘಟಕ ಬದಲಾಗಬೇಕು. ವಸತಿ ಕಟ್ಟಡಗಳಿಗೆ ಚದರ ಮೀಟರಿನ ಬದಲು ಒಬ್ಬ ಅತಿಥಿಯ ಒಂದು ರಾತ್ರಿಗೆ ತಗಲುವ ವಿದ್ಯುತ್, ಅನಿಲ, ಡೀಸೆಲ್ ಮತ್ತು ಸೌದೆಯನ್ನು ಎಣಿಸುವುದು ಯುಕ್ತ. ವಿದ್ಯುತ್ತಿನ ಅಂಕಿ ಮೆಸ್ಕಾಂ ಬಿಲ್ಲಿನಲ್ಲಿಯೇ ಇದೆ. ಉಳಿದದ್ದಕ್ಕೆ ಮಾಲೀಕರ ಸರಳ ಘೋಷಣೆ ಸಾಕು.

ಎರಡನೆಯದಾಗಿ, ಗಳಿಗೆಯ ಆಯ್ಕೆ. ಮನೆಯನ್ನು ಹೋಂಸ್ಟೇಯಾಗಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸುವಾಗ, ಕಟ್ಟಡವನ್ನು ವಿಸ್ತರಿಸುವಾಗ, ವಿದ್ಯುತ್ ಹೊರೆ ಹೆಚ್ಚಿಸಲು ಅರ್ಜಿ ಹಾಕುವಾಗ ಮತ್ತು ನಗರಸಭೆ ಅಥವಾ ಪಂಚಾಯಿತಿಯಲ್ಲಿ ವ್ಯಾಪಾರ ಪರವಾನಗಿ ನವೀಕರಿಸುವಾಗ ಮಾಲೀಕರು ಹೇಗೂ ಸರ್ಕಾರದ ಮೇಜಿನ ಮುಂದೆ ಬರುತ್ತಾರೆ. ಬಿಸಿನೀರು ಮತ್ತು ದೀಪಗಳ ಷರತ್ತನ್ನು ಆಗಲೇ ಪರಿಶೀಲಿಸಿದರೆ ಹೊಸ ಕಚೇರಿ, ಹೊಸ ತಪಾಸಕ ಬೇಕಿಲ್ಲ. ಇದಕ್ಕೆ ಕ್ರೆಡಲ್, ಮೆಸ್ಕಾಂ, ಪ್ರವಾಸೋದ್ಯಮ ಇಲಾಖೆ ಮತ್ತು ಸ್ಥಳೀಯ ಸಂಸ್ಥೆಗಳು ಒಂದೇ ನಮೂನೆಯನ್ನು ಒಪ್ಪಿಕೊಳ್ಳುವುದು ಅಗತ್ಯ. ಇಂದು ಕಟ್ಟಡದ ನಕ್ಷೆ ಒಬ್ಬರ ಬಳಿ, ಮೀಟರು ಮತ್ತೊಬ್ಬರ ಬಳಿ, ಇಂಧನ ಕಾಯಿದೆ ಮಗದೊಬ್ಬರ ಬಳಿ ಇರುವುದೇ ದೊಡ್ಡ ತೊಡಕು.

ಮೂರನೆಯದಾಗಿ, ನ್ಯಾಯದ ಪ್ರಶ್ನೆ. ಸಣ್ಣ ಹೋಂಸ್ಟೇ ಹಲವು ಕುಟುಂಬಗಳಿಗೆ ಬೆಳೆ ಕೈಕೊಟ್ಟ ವರ್ಷದ ಆಸರೆ. ಅಂತಹವರ ಮೇಲೆ ಪರವಾನಗಿಯ ಮತ್ತೊಂದು ಹೊರೆ ಹೇರಬಾರದೆಂಬ ಆಕ್ಷೇಪ ಸಹಜ ಮತ್ತು ಸಕಾರಣ. ಆದ್ದರಿಂದ ಕೆಟ್ಟ ಉಪಕರಣವನ್ನು ಬದಲಿಸುವಾಗ ದಕ್ಷವಾದುದನ್ನೇ ತರಬೇಕೆಂಬ ಷರತ್ತು, ಮೂರು ವರ್ಷಗಳ ಕಾಲಾವಕಾಶ ಮತ್ತು ಬಿಲ್ಲಿನಲ್ಲಿಯೇ ಕಂತುಗಳಾಗಿ ತೀರಿಸಬಹುದಾದ ಸಾಲ ಇವು ದಂಡಕ್ಕಿಂತ ಮೊದಲು ಬರಬೇಕು. ಹದಿನೈದು ಅತಿಥಿಗಳ ಹೋಂಸ್ಟೇ ವರ್ಷಕ್ಕೆ 150 ದಿನ ತುಂಬಿದರೆ ಗೀಸರಿನ ಬಳಕೆ 3,150 ಯೂನಿಟ್; ಮೇಲೆ ಹೇಳಿದ 1.2 ಯೂನಿಟ್ಟಿನ ಲೆಕ್ಕದಲ್ಲಿ 1,080. ಉಳಿಯುವ ಎರಡು ಸಾವಿರ ಯೂನಿಟ್ಟುಗಳೇ ಸಾಲದ ಕಂತಿಗೆ ಆಧಾರವಾಗುತ್ತವೆ. ಪೇಟೆಯ ದೊಡ್ಡ ಲಾಡ್ಜು ಮತ್ತು ರೆಸಾರ್ಟುಗಳಿಗಾದರೆ ಇಂಧನ ಲೆಕ್ಕಪರಿಶೋಧನೆಯನ್ನು ಕಡ್ಡಾಯ ಮಾಡುವುದರಲ್ಲಿ ತಪ್ಪಿಲ್ಲ.

ನಾಲ್ಕನೆಯದಾಗಿ, ಹೆಂಚಿನ ಮಾಡು, ಜಗಲಿ ಮತ್ತು ಗಾಜಿನ ಹೆಂಚುಳ್ಳ ಹಳೆಯ ಕಟ್ಟಡಗಳನ್ನು ಹಾಗೆಯೇ ಉಳಿಸಿಕೊಂಡವರಿಗೆ ನಿಯಮದಲ್ಲಿ ಮನ್ನಣೆ ಇರಬೇಕು. ಅವುಗಳನ್ನು ಕೆಡವಿ, ಮುಚ್ಚಿದ ಕೋಣೆಗಳನ್ನು ಕಟ್ಟಿ, ಅದಕ್ಕೆ ದಕ್ಷ ಯಂತ್ರ ಕೂರಿಸಿದವರಿಗೆ ಹೆಚ್ಚು ಅಂಕ ಸಿಗುವಂತಾದರೆ ನಿಯಮದ ಉದ್ದೇಶವೇ ತಲೆಕೆಳಗಾಗುತ್ತದೆ.

2020ರ ರಾಜ್ಯ ಇಂಧನ ದಕ್ಷತಾ ಸೂಚ್ಯಂಕದಲ್ಲಿ ಕರ್ನಾಟಕ ಮೊದಲ ಸ್ಥಾನದಲ್ಲಿತ್ತು. ಆ ಸ್ಥಾನಕ್ಕೆ ತಕ್ಕ ಮುಂದಿನ ಹೆಜ್ಜೆ ಇಂತಹ ಸಣ್ಣ ಕಟ್ಟಡಗಳ ಕಡೆಗಿರಬೇಕು. ಹವಾಮಾನಕ್ಕೆ ತಕ್ಕಂತೆ ಸಂಹಿತೆಯನ್ನು ತಿದ್ದುವ ಅಧಿಕಾರ 2001ರಿಂದಲೂ, ಮಿತಿಯನ್ನು ಇಳಿಸುವ ಅಧಿಕಾರ 2022ರ ತಿದ್ದುಪಡಿಯಿಂದಲೂ ರಾಜ್ಯದ ಕೈಯಲ್ಲಿದೆ. ಈ ಅಧಿಕಾರಗಳು ಮುಖ್ಯವಾಗಿ ಹೊಸ ಕಟ್ಟಡ ಹಾಗೂ ವಿಸ್ತರಣೆಗಳನ್ನು ಕುರಿತವು; ನಿಂತಿರುವ ಕಟ್ಟಡಗಳಿಗೆ ಪರವಾನಗಿ, ನೋಂದಣಿ ಮತ್ತು ವಿದ್ಯುತ್ ಸಂಪರ್ಕದ ನಿಯಮಗಳ ಮೂಲಕವೇ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಒಂದೆರಡು ಸ್ಥಳೀಯ ಸಂಸ್ಥೆಗಳಲ್ಲಿ ಇದನ್ನು ಪ್ರಾಯೋಗಿಕವಾಗಿ ಕೈಗೊಂಡು, ಒಂದು ಪೂರ್ಣ ಮಳೆಗಾಲದ ಅಂಕಿಅಂಶಗಳನ್ನು ಸಂಗ್ರಹಿಸಿದರೆ, ಕೊಡಗು, ಸಕಲೇಶಪುರ ಮತ್ತು ಶಿವಮೊಗ್ಗದ ಮಲೆನಾಡಿಗೂ ಅನ್ವಯಿಸಬಹುದಾದ ನಿಯಮಾವಳಿಗೆ ಅಗತ್ಯವಾದ ತಳಹದಿ ದೊರೆಯುತ್ತದೆ.